ಬೀಳ್ಕೊಟ್ಟ ಮೇಲೂ ಉಳಿದವನು

ಬೀಳ್ಕೊಡುಗೆ ಆದ ಮೇಲೆ ಮನುಷ್ಯ ಹೊರಟುಬಿಡಬೇಕು. ಹೊರಡದೆ ಅಲ್ಲೇ ಉಳಿದರೆ ಏನಾಗುತ್ತೆ ಅಂತ ನನ್ನನ್ನು ಕೇಳಿ. ಹೂಗುಚ್ಛ ತಗೊಂಡು, ಭಾಷಣ ಹೇಳಿಸಿಕೊಂಡು, ಫೋಟೋಗೆ ಹಲ್ಲು ಕಿರಿದು, ಎಲ್ಲರನ್ನೂ ಅಳಿಸಿ, ತಾನೂ ಅತ್ತು, ಮರುವಾರ ಅದೇ ಬೀದಿಯ ಅದೇ ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಾ ನಿಂತಿರುವ ಗಂಡಸಿನ ಮುಖ ನೀವು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಯಾಕೆಂದರೆ ಅವನು ಹೆಲ್ಮೆಟ್ ಹಾಕಿಕೊಂಡಿರುತ್ತಾನೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಕಸುಬು ಹಲ್ಲು ಕಟ್ಟುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ನಾನು ಅದಕ್ಕೆ ಹೊಂದುವ ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತೇನೆ. ನಮ್ಮ ಬಡಾವಣೆಯ ಹಿರಿಯರ ನಗುವಿನಲ್ಲಿ ಅರ್ಧ ನನ್ನ ಕೈಯಿಂದಲೇ ಬಂದದ್ದು. (ಇನ್ನರ್ಧ ನನ್ನನ್ನು ನೋಡಿ ಬಂದದ್ದು ಅಂತ ನನ್ನಾಕೆ ಹೇಳುತ್ತಾಳೆ, ಅದನ್ನು ನೀವು ಕಿವಿಗೆ ಹಾಕಿಕೊಳ್ಳಬೇಡಿ.) ಇಂಥ ನನಗೆ ದೂರದ ಒಂದು ಚಳಿದೇಶದ ಲ್ಯಾಬಿನಿಂದ ಕರೆ ಬಂತು. ಒಳ್ಳೆ ಕೆಲಸ, ಒಳ್ಳೆ ಸಂಬಳ, ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದರು. ನನ್ನ ತಲೆ ಅಲ್ಲೇ ತಿರುಗಿತು.

ತಲೆ ತಿರುಗಿದವನು ಏನು ಮಾಡಬಾರದೋ ಅದನ್ನೆಲ್ಲ ಮಾಡಿದೆ. ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಪೀಠೋಪಕರಣದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನಾಕೆಯಿಂದಲೂ ಕೊಡಿಸಿದೆ. ಮಂಚವನ್ನು ಭಾಮೈದನಿಗೆ ದಾನ ಮಾಡಿದೆ, ಫ್ರಿಜ್ಜನ್ನು ತಂಗಿಗೆ. ಲ್ಯಾಬಿನವರು ಬೀಳ್ಕೊಡುಗೆ ಮಾಡಿದರು. ನಮ್ಮ ಮೇಲಿನ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ಮನೆಗೆ ಕರೆದು ಊಟ ಹಾಕಿ ಭಾಷಣ ಮಾಡಿದರು. "ಇಂಥ ಕಲಾವಿದನನ್ನು ಕಳೆದುಕೊಳ್ಳುತ್ತಿದ್ದೇವೆ" ಅಂತ ಗದ್ಗದಿತರಾದಾಗ ನಾನೇ ಕಟ್ಟಿಕೊಟ್ಟಿದ್ದ ಅವರ ಮೇಲಿನ ಸೆಟ್ಟು ಜಾರಿ ಪಾಯಸದ ಬಟ್ಟಲಿಗೆ ಬಿತ್ತು. ಅಷ್ಟು ದುಃಖ ಅವರಿಗೆ.

ಇಷ್ಟೆಲ್ಲ ಆದಾಗ ನಮ್ಮ ಹತ್ತಿರ ಇಲ್ಲದಿದ್ದ ಒಂದೇ ಒಂದು ವಸ್ತು ಅಂದರೆ ವೀಸಾ.

ವೀಸಾ ಅರ್ಜಿಗೆ ಎರಡು ಸಾಲು ಇರುತ್ತಂತೆ. ಒಂದು ಸಾಧಾರಣ ಸಾಲು. ಇನ್ನೊಂದು ತುರ್ತು ಸಾಲು, ಅದಕ್ಕೆ ಹೆಚ್ಚಿಗೆ ಇಷ್ಟು ಅಂತ ದುಡ್ಡು ಕಟ್ಟಬೇಕು, ಉತ್ತರ ಬೇಗ ಬರುತ್ತೆ. ಅರ್ಜಿ ತುಂಬಿದವಳು ನನ್ನಾಕೆಯೇ. (ನಾನು ಪಕ್ಕದಲ್ಲಿ ಕೂತು ಸಲಹೆ ಕೊಟ್ಟೆ. ಸಂಪರ್ಕದ ನಂಬರು ಅಂತ ಇದ್ದ ಕಡೆ ತನ್ನದು ಹಾಕಲು ಹೋದಳು, "ಮನೆ ಯಜಮಾನನ ನಂಬರಿರಲಿ" ಅಂತ ನನ್ನದೇ ಹಾಕಿಸಿದೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ.)

"ರೀ, ತುರ್ತಿಗೇ ಕಟ್ಟಿಬಿಡೋಣ. ಇಬ್ರೂ ಕೆಲಸ ಬಿಟ್ಟು ಕೂತಿದ್ದೀವಿ. ಅಲ್ಲಿ ಲ್ಯಾಬಿನವರು ಎಷ್ಟು ದಿನ ಕಾಯ್ತಾರೆ?"

"ಒಂದೇ ವೀಸಾ, ಒಂದೇ ಠಸ್ಸೆ. ಅದಕ್ಕೆ ಎರಡು ರೇಟಾ? ನಾನು ಒಪ್ಪಲ್ಲ."

"ನೀವು ಒಪ್ಪದಿದ್ರೆ ಅವರೇನು ಸತ್ಯಾಗ್ರಹ ಅಂದ್ಕೊಳ್ಳಲ್ಲ, ಸುಮ್ನೆ ಫೈಲು ಕೆಳಗಿಡ್ತಾರೆ."

"ಅರ್ಹತೆ ಇದ್ದವನು ಸಾಲಿನಲ್ಲಿ ನಿಂತರೂ ಬರುತ್ತೆ ಕಣೇ. ಹಲ್ಲು ಕಟ್ಟೋವಾಗ ನಾನು ಯಾರಿಗಾದ್ರೂ ತುರ್ತು ಅಂತ ಜಾಸ್ತಿ ಕೇಳಿದ್ದೀನಾ?"

"ಇಲ್ಲ. ಅದಕ್ಕೇ ನಾವು ಇನ್ನೂ ಬಾಡಿಗೆ ಮನೇಲಿರೋದು."

ನಾನು ಎದ್ದು ನಿಂತು ಒಂದು ಘೋರ ಪ್ರತಿಜ್ಞೆ ಮಾಡಿದೆ. ತುರ್ತು ಶುಲ್ಕಕ್ಕೆ ನಮ್ಮ ಮನೆಯಿಂದ ಚಿಕ್ಕಾಸೂ ಹೋಗಕೂಡದು. ಉಳಿಸಿದ ದುಡ್ಡಿನಲ್ಲಿ ನನಗೊಂದು ಉದ್ದ ಉಣ್ಣೆ ಕೋಟು ಹೊಲಿಸತಕ್ಕದ್ದು. ಚಳಿದೇಶಕ್ಕೆ ಹೋಗುವವನು ಕೋಟಿಲ್ಲದೆ ಹೋದರೆ ಮರ್ಯಾದೆ ಏನು? ದರ್ಜಿ ಅಂಗಡಿಗೆ ಹೋಗಿ ಅಳತೆಯನ್ನೂ ಕೊಟ್ಟುಬಂದೆ. ದುಡ್ಡು ಕೊಟ್ಟುಬರುವ ಕೆಲಸ ನನ್ನಾಕೆಗೆ ವಹಿಸಿದೆ. ಅವಳು ಎರಡು ದಿನ ಗೊಣಗಿ ಆಮೇಲೆ ತುರ್ತಿನ ಸುದ್ದಿಯನ್ನೇ ಬಿಟ್ಟಳು. ನನ್ನ ಮಾತಿಗೆ ಮನೆಯಲ್ಲಿ ಬೆಲೆ ಬಂತು ಅಂದುಕೊಂಡೆ. ಮದುವೆಯಾದ ಇಷ್ಟು ವರ್ಷದಲ್ಲಿ ಅದೇ ಮೊದಲು, ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ದಿನ ಹೋಯಿತು, ವಾರ ಹೋಯಿತು. ವೀಸಾ ಇಲ್ಲ. ಬೀದಿಯಲ್ಲಿ ಕಾಟ ಶುರುವಾಯಿತು.

"ಅರೆ, ಇನ್ನೂ ಹೋಗಿಲ್ವಾ?" ಅಂತ ಹಾಲಿನ ಅಂಗಡಿಯವನು. "ಹೋಗಿ ಬಂದ್ರಾ ಆಗಲೇ?" ಅಂತ ಕ್ಷೌರದ ಅಂಗಡಿಯವನು. ಹಳೇ ಲ್ಯಾಬಿನ ಸಹೋದ್ಯೋಗಿ ಒಬ್ಬ ಬಸ್ ನಿಲ್ದಾಣದಲ್ಲಿ ನನ್ನನ್ನು ನೋಡಿ, ಅವರೆಲ್ಲ ದುಡ್ಡು ಹಾಕಿ ಕೊಟ್ಟ ಉಡುಗೊರೆ ಸೂಟ್‌ಕೇಸು ನೆನಪಾಯಿತೋ ಏನೋ, ನನ್ನ ಕೈ ಖಾಲಿ ಇದ್ದದ್ದನ್ನು ಎರಡೆರಡು ಸಲ ನೋಡಿದ. ಅವತ್ತಿನಿಂದ ಹೊರಗೆ ಹೋದರೆ ಹೆಲ್ಮೆಟ್ ಹಾಕಿಕೊಂಡೇ ಹೋಗತೊಡಗಿದೆ. ನಮ್ಮ ಸ್ಕೂಟರ್ ಆಗಲೇ ಮಾರಿಯಾಗಿತ್ತು, ಹೆಲ್ಮೆಟ್ ಮಾತ್ರ ಉಳಿದಿತ್ತು. ನಡೆದುಕೊಂಡೇ ಹೆಲ್ಮೆಟ್ ಹಾಕಿಕೊಂಡು ಹೋಗಿ ತರಕಾರಿ ತರುವುದು ಸುಲಭವಲ್ಲ. ಬದನೆಕಾಯಿಯಲ್ಲಿ ಹುಳ ಇದೆಯೋ ಇಲ್ಲವೋ ಒಳಗಿನಿಂದ ಕಾಣುವುದೇ ಇಲ್ಲ.

ಮನೆಯಲ್ಲೂ ನೆಮ್ಮದಿ ಇಲ್ಲ. ಮೇಲ್ಮನೆ ಮೇಷ್ಟ್ರಿಗೆ ಗೊತ್ತಾಗಬಾರದು ಅಂತ ಮುಂದಿನ ಕಿಟಕಿ ಮುಚ್ಚಿ, ಟಿವಿ ಸದ್ದಿಲ್ಲದೆ ಹಾಕಿ, ನೆಲದ ಮೇಲೆ ಮಲಗಿ, ಸೀನು ಬಂದರೆ ದಿಂಬಿಗೆ ಮೂಗು ಒತ್ತಿ ಸೀನುತ್ತಿದ್ದೆವು. ಫೋನಂತೂ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. "ಸುಖವಾಗಿ ತಲುಪಿದಿರಾ?" "ಅಲ್ಲಿ ಹಿಮ ಬೀಳ್ತಿದೆಯಾ?" "ಬರುವಾಗ ಚಾಕೊಲೇಟ್ ಮರೀಬೇಡಿ." ಗೊತ್ತಿದ್ದವರ ಫೋನು ಎತ್ತದಿದ್ದರೆ ಗೊತ್ತಿಲ್ಲದ ನಂಬರಿನಿಂದ ಮಾಡುತ್ತಿದ್ದರು. ಕೊನೆಗೆ ಗೊತ್ತಿಲ್ಲದ ನಂಬರೆಲ್ಲ ತಾವಾಗಿಯೇ ಕಟ್ ಆಗುವ ಹಾಗೆ ಮಾಡಿದೆ. ಮೆಸೇಜುಗಳನ್ನು ಓದದೆ ಒಟ್ಟಿಗೇ ಅಳಿಸಿಹಾಕತೊಡಗಿದೆ. ಆಹಾ, ಆ ಶಾಂತಿಯನ್ನು ಏನಂತ ಹೇಳಲಿ!

ನನ್ನಾಕೆ ಮಾತ್ರ ದಿನಾ ಬೆಳಿಗ್ಗೆ ಕಾಫಿ ಕೊಡುತ್ತಾ, "ಫೋನ್ ಏನಾದ್ರೂ ಬಂತಾ?" ಅಂತ ಕೇಳುತ್ತಿದ್ದಳು.

"ಒಂದೂ ಇಲ್ಲ," ಅನ್ನುತ್ತಿದ್ದೆ. ಅದು ನಿಜವೇ ಆಗಿತ್ತು. "ಕೋಟು ಏನಾಯ್ತು?"

"ದರ್ಜಿಗೆ ಪುರುಸೊತ್ತಿಲ್ಲ," ಅನ್ನುತ್ತಿದ್ದಳು. ಹೇಳಿ ನನ್ನ ಮುಖ ನೋಡದೆ ಲೋಟ ಎತ್ತಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಚಳಿದೇಶದ ಲ್ಯಾಬಿನ ಯಜಮಾನರಿಂದ ಮಿಂಚಂಚೆ ಬಂತು. ತಿಂಗಳ ಕೊನೆಯೊಳಗೆ ಬಂದು ಕೆಲಸಕ್ಕೆ ಸೇರದಿದ್ದರೆ ಇನ್ನೊಬ್ಬರನ್ನು ತಗೊಳ್ಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ ಅಂತ. ಇಲ್ಲಿ ಕೆಲಸ ಇಲ್ಲ, ಅಲ್ಲಿಯದೂ ಹೋದರೆ? ನನ್ನ ಹಳೇ ಜಾಗಕ್ಕೆ ಲ್ಯಾಬಿನವರು ಆಗಲೇ ಒಬ್ಬನನ್ನು ಕೂರಿಸಿದ್ದರು. ಮಂಚ ಕೇಳೋಣ ಅಂದರೆ ಭಾಮೈದ ಅದಕ್ಕೆ ಬಣ್ಣ ಬೇರೆ ಬಳಿಸಿದ್ದಾನೆ. ನಿಜವಾಗಿ ಭಯವಾಯಿತು. ನನ್ನ ಹಟಕ್ಕೆ ಅವಳ ಕೆಲಸವೂ ಹೋಯಿತಲ್ಲ!

ಅಡುಗೆಮನೆಗೆ ಹೋಗಿ ಗಂಟಲು ಸರಿಮಾಡಿಕೊಂಡು ಘೋಷಿಸಿದೆ. "ನೋಡು, ನಾನು ದೊಡ್ಡ ಮನಸ್ಸು ಮಾಡಿದ್ದೀನಿ. ತುರ್ತು ಶುಲ್ಕ ಕಟ್ಟೋಣ."

ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಅವಳ ಕೈಯಲ್ಲಿದ್ದ ಸೌಟು ನಿಂತಿತು.

"ಬೇಡ!"

"ಏನು?"

"ಕಟ್ಟಬೇಡಿ. ದಂಡ. ತುರ್ತು ಗಿರ್ತು ಎಲ್ಲ ಬರೀ ಬೂಟಾಟಿಕೆ. ಕಟ್ಟಿದ್ರೂ ಏನೂ ಆಗಲ್ಲ."

"ನಿನಗೆ ಹೇಗೆ ಗೊತ್ತು?"

"ನನಗೆ ಅನ್ಸುತ್ತೆ. ಸಾಲಿನಲ್ಲಿ ನಿಂತರೇ ಬರುತ್ತೆ ಅಂತ ನೀವೇ ಅಂದಿರಲ್ಲ!"

"ಅವತ್ತು ಕಟ್ಟು ಕಟ್ಟು ಅಂತ ನನ್ನ ತಲೆ ತಿಂದವಳು ನೀನಲ್ವಾ?"

"ಅವತ್ತು ಬೇಡ ಬೇಡ ಅಂತ ಕುಣಿದವರು ನೀವಲ್ವಾ?"

ನೀವೇ ಹೇಳಿ, ಇಂಥ ಸಂಸಾರ ಎಲ್ಲಾದರೂ ಉಂಟಾ? ಅವಳ ಪಕ್ಷಕ್ಕೆ ನಾನು ಸೇರಿದ ತಕ್ಷಣ ಅವಳು ನನ್ನ ಪಕ್ಷಕ್ಕೆ ಹಾರಿದ್ದಳು. ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟೆ. "ಕೋಟೇ ಬೇಡ ನನಗೆ. ದರ್ಜಿ ಹತ್ತಿರ ಆ ದುಡ್ಡು ವಾಪಸ್ ತಗೊಂಡು ಬಾ."

ಅವಳ ಮುಖ ಬಿಳಿಚಿಕೊಂಡಿತು. "ಬಟ್ಟೆ ಕತ್ತರಿಸಿಬಿಟ್ಟಿದ್ದಾನೆ. ಕತ್ತರಿಸಿದ್ದಕ್ಕೆ ದುಡ್ಡು ವಾಪಸ್ ಕೊಡ್ತಾನಾ?" ಅಂದವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕೆಲಸ ಹೋದ್ರೆ ಹೋಗಲಿ ಬಿಡಿ, ಹೇಗೋ ಬದುಕೋಣ," ಅಂತ ಅಳಲು ಶುರುಮಾಡಿದಳು. ಯಾವಾಗಲೂ ನನಗೇ ಧೈರ್ಯ ಹೇಳುವವಳು ಹಾಗೆ ಅತ್ತದ್ದು ನೋಡಿ ನನಗೆ ತಡೆಯಲಾಗಲಿಲ್ಲ.

ದುಡ್ಡು ಬೇಕು. ಹತ್ತಿರದಲ್ಲಿ ಕೇಳಬಹುದಾದವರು ಒಬ್ಬರೇ, ಮೇಲ್ಮನೆ ಮೇಷ್ಟ್ರು. ಅವರ ಲೆಕ್ಕದಲ್ಲಿ ನಾನು ಸಮುದ್ರ ದಾಟಿ ಎಷ್ಟೋ ದಿನವಾಗಿದೆ! ಆದರೂ ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದ ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅದನ್ನ ತೆಗಿಯಯ್ಯಾ, ಸೆಕೆ. ನಿನ್ನನ್ನ ನೋಡದವರ ಹಾಗೆ ನಟಿಸಿ ನಟಿಸಿ ನಮಗೂ ಸಾಕಾಗಿಹೋಗಿದೆ."

"ಮೇಷ್ಟ್ರೇ... ನಿಮಗೆ ಗೊತ್ತಿತ್ತಾ?"

"ಇಡೀ ಬೀದಿಗೇ ಗೊತ್ತು. ನಡೆದುಕೊಂಡು ಹೋಗುವವನು ಹೆಲ್ಮೆಟ್ ಯಾಕಯ್ಯಾ ಹಾಕ್ತಾನೆ? ಪಾಪ, ನಾಚಿಕೆ ಪಟ್ಕೋತಾನೆ, ಯಾರೂ ಮಾತಾಡಿಸಬೇಡಿ ಅಂತ ನಾನೇ ಎಲ್ಲರಿಗೂ ಹೇಳಿಟ್ಟಿದ್ದೆ. ನೀನು ಸೀನಿದಾಗೆಲ್ಲ ಚಿರಂಜೀವಿಯಾಗಪ್ಪ ಅಂತ ಮನಸ್ಸಲ್ಲೇ ಅಂದ್ಕೋತಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಹೆಲ್ಮೆಟ್ ತೆಗೆದಾಗ ಎಷ್ಟೋ ದಿನದ ಮೇಲೆ ಮುಖಕ್ಕೆ ಗಾಳಿ ತಾಗಿ ಹಾಯೆನಿಸಿದ್ದೂ ಸುಳ್ಳಲ್ಲ. ಸಾಲ ಕೇಳಿದ ಕೂಡಲೇ ಮೇಷ್ಟ್ರು ಎರಡನೇ ಮಾತಿಲ್ಲದೆ ದುಡ್ಡು ತಂದು ಕೈಗಿಟ್ಟರು. ಪುಣ್ಯಕ್ಕೆ ಭಾಷಣ ಮಾಡಲಿಲ್ಲ.

ವೀಸಾ ಕೇಂದ್ರಕ್ಕೆ ಓಡಿದೆ. ಕೌಂಟರಿನ ಹುಡುಗಿಗೆ ಅರ್ಜಿಯ ನಂಬರು ಹೇಳಿ, ನನ್ನ ತ್ಯಾಗಕ್ಕೆ ತಕ್ಕ ಗತ್ತಿನಲ್ಲಿ, "ತುರ್ತು ಶುಲ್ಕ ಕಟ್ಟಬೇಕಿತ್ತು," ಅಂದೆ.

ಅವಳು ಕಂಪ್ಯೂಟರ್ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಕಂಪ್ಯೂಟರ್ ನೋಡಿದಳು.

"ಎರಡನೇ ಸಲ ಯಾಕೆ ಸರ್ ಕಟ್ತೀರಿ?"

"ಎರಡನೇ ಸಲವಾ?"

"ತುರ್ತಿಗೆ ಆಗಲೇ ಕಟ್ಟಿದ್ದೀರಲ್ಲ. ನಿಮ್ಮದು, ನಿಮ್ಮ ಮನೆಯವರದು ಎರಡೂ ವೀಸಾ ಬಂದು ಎಷ್ಟೋ ದಿನ ಆಯ್ತು. ಫೋನ್ ಮಾಡಿ ಮಾಡಿ ನಮ್ಮ ಬೆರಳು ಸವೆದುಹೋಯ್ತು, ರಿಂಗ್ ಆಗೋ ಮೊದಲೇ ಕಟ್ ಮಾಡ್ತೀರಿ. ಮೆಸೇಜ್‌ಗೂ ಉತ್ತರ ಇಲ್ಲ. ಇನ್ನು ಸ್ವಲ್ಪ ದಿನ ನೋಡಿ ಪಾಸ್‌ಪೋರ್ಟ್ ರಾಯಭಾರ ಕಚೇರಿಗೆ ವಾಪಸ್ ಕಳಿಸಿಬಿಡೋಣ ಅಂತಿದ್ವಿ."

ಪಾಸ್‌ಪೋರ್ಟು ಎರಡೂ ಕೈಗೆ ಬಂದವು. ತೆಗೆದು ನೋಡಿದೆ, ವೀಸಾ ಇತ್ತು. ಮತ್ತೆ ನೋಡಿದೆ, ಮತ್ತೂ ಇತ್ತು. ಬದುಕಿದೆಯಾ ಬಡಜೀವವೇ ಅಂತ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತೆ. ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಮನೆಯ ದಾರಿಯುದ್ದಕ್ಕೂ ಹೆಲ್ಮೆಟ್ ಕೈಯಲ್ಲಿ ಹಿಡಿದೇ ನಡೆದೆ. ಹಾಲಿನ ಅಂಗಡಿಯವನಿಗೆ ನಾನೇ ಕೂಗಿ, "ಇನ್ನೂ ಹೋಗಿಲ್ಲ ಕಣಪ್ಪಾ, ಆದರೆ ಹೋಗ್ತೀನಿ!" ಅಂದೆ. ಮನಸ್ಸಿನೊಳಗೆ ಮಾತ್ರ ವಿಚಾರಣೆಗೆ ತಯಾರಾಗುತ್ತಿದ್ದೆ. ಗಂಡನ ಪ್ರತಿಜ್ಞೆ ಮೀರಿ ಕದ್ದು ಶುಲ್ಕ ಕಟ್ಟಿದ ಹೆಂಡತಿ! ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ತಪ್ಪು ಅವಳ ಕಡೆ ಸಿಕ್ಕಿತಲ್ಲ, ಸುಮ್ಮನೆ ಬಿಡುವುದುಂಟೇ?

ಬಾಗಿಲಲ್ಲೇ ನಿಂತಿದ್ದಳು. ಪಾಸ್‌ಪೋರ್ಟುಗಳನ್ನು ಅವಳ ಕೈಗಿಟ್ಟೆ. ತೆಗೆದು ನೋಡಿ, ಅಯ್ಯೋ ದೇವರೇ ಅಂತ ನನ್ನ ಭುಜಕ್ಕೆ ಹಣೆ ಒತ್ತಿಕೊಂಡು ಅತ್ತಳು. ನಾನು ಬೆನ್ನು ತಟ್ಟುತ್ತಾ ಅವಳು ಸುಧಾರಿಸಿಕೊಳ್ಳುವುದನ್ನೇ ಕಾದು ದನಿ ಗಡಸು ಮಾಡಿದೆ.

"ತುರ್ತಿಗೆ ಕಟ್ಟಿದ್ದೆಯಂತೆ?"

"ಹೌದು, ಕಟ್ಟಿದ್ದೆ. ಬಂದ ಮೇಲೆ ನೀವು ನಿಮ್ಮ ಸಾಲಿನಿಂದಲೇ ಬಂತು ಅಂತ ಹಿಗ್ಗಲಿ ಅಂತ ಬಾಯಿ ಬಿಟ್ಟಿರಲಿಲ್ಲ. ಎಷ್ಟು ದಿನ ಆದ್ರೂ ಬರಲೇ ಇಲ್ಲ. ದುಡ್ಡು ನೀರು ಪಾಲಾಯ್ತಲ್ಲ ಅಂತ ಒಳಗೊಳಗೇ ಸಾಯ್ತಿದ್ದೆ." ಇಷ್ಟು ಹೇಳಿ ತಟ್ಟನೆ ತಲೆಯೆತ್ತಿದಳು. "ಅಂದಹಾಗೆ ಇದು ಯಾವತ್ತು ಬಂದದ್ದಂತೆ? ಬಂದಿದ್ರೆ ಫೋನ್ ಮಾಡಬೇಕಿತ್ತಲ್ಲ ಅವರು? ಮನೆ ಯಜಮಾನನ ನಂಬರಿಗೆ?"

ವಿಚಾರಣೆ ಅಲ್ಲಿಗೆ ಮುಗಿಯಿತು. ಆರೋಪಿಯ ಕಟಕಟೆಗೆ ನಾನು ವರ್ಗವಾದದ್ದು ಹೇಗೆ ಅಂತ ನನಗೇ ತಿಳಿಯಲಿಲ್ಲ. ಫೋನಿನ ಕಥೆಯನ್ನು ಪೂರ್ತಿ ಹೇಳಿಸಿದಳು. ಹೇಳಿ ಮುಗಿಸಿದಾಗ ಅವಳು ಬಯ್ಯಲಿಲ್ಲ, ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೈದಿದ್ದರೇ ಚೆನ್ನಾಗಿತ್ತು. ಮೇಲಿನಿಂದ ಮೇಷ್ಟ್ರೂ ನಕ್ಕದ್ದು ಕೇಳಿಸಿತು.

ಮಾತು ಬದಲಿಸಲು ಅಂತ ನಾನು, "ಅದೆಲ್ಲ ಇರಲಿ, ಹೊರಡೋ ದಿನ ಬಂತು. ಕೋಟು ತಂದುಬಿಡು ಮೊದಲು," ಅಂದೆ.

ಅವಳು ಕಣ್ಣೊರೆಸಿಕೊಂಡು ಎರಡೂ ಪಾಸ್‌ಪೋರ್ಟನ್ನು ನನ್ನ ಮುಂದೆ ಬಿಡಿಸಿ ಹಿಡಿದಳು.

"ಇಲ್ಲೇ ಇದೆ ನೋಡಿ. ಕೋಟಿನ ಮೈ ನಿಮ್ಮ ಪಾಸ್‌ಪೋರ್ಟಿನಲ್ಲಿದೆ, ತೋಳು ನನ್ನದರಲ್ಲಿದೆ. ಅಲ್ಲಿ ಕಿವಿಗೆ ಚಳಿ ಆದ್ರೆ ಹೆಲ್ಮೆಟ್ ಹಾಕ್ಕೊಳ್ಳಿ, ಹೇಗೂ ಅಭ್ಯಾಸ ಆಗಿದೆಯಲ್ಲ."