ಶರಣಮ್ಮನವರ ಪಾಸ್‌ವರ್ಡ್

ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು ತನ್ನದಲ್ಲದ ಕೆಲಸವನ್ನು ಒಮ್ಮೆಯೂ ಸರಿಯಾಗಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಡಿದರೆ ಅದು ಕೊರಳಿಗೆ ಬೀಳುತ್ತದೆ. ಹೈದರಾಬಾದಿನ ನಾಚಾರಂನಲ್ಲಿ ರಬ್ಬರ್ ವಾಷರ್ ತಯಾರಿಸುವ ಪುಟ್ಟ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕ ಬರೆಯಲು ಸೇರಿದವನು. ಒಂದು ದಿನ ಪ್ರಿಂಟರಿನೊಳಗೆ ಸಿಕ್ಕಿಕೊಂಡಿದ್ದ ಕಾಗದವನ್ನು ಹರಿಯದಂತೆ ಹೊರಗೆಳೆದೆ. ಮಾಲೀಕರಾದ ಗುರುಪಾದಪ್ಪನವರು ಪಕ್ಕದಲ್ಲೇ ನಿಂತಿದ್ದರು. ‘ಕುಲಕರ್ಣಿಯವರ, ನಿಮಗ ಕಂಪ್ಯೂಟರ್ ಭಾಳ ಚೊಲೊ ಬರ್ತೈತಿ ಬಿಡ್ರಿ’ ಎಂದರು. ಅಂದಿನಿಂದ ವೈರಸ್ಸು, ಇಂಟರ್‌ನೆಟ್ಟು, ಇಲಿ ಕಡಿದ ಟೆಲಿಫೋನ್ ತಂತಿ, ಕರೆಂಟು ಹೋದಾಗ ಕಿರುಚುವ ಬ್ಯಾಟರಿ ಪೆಟ್ಟಿಗೆ ಎಲ್ಲವೂ ನನ್ನ ತಲೆಗೆ ಬಂದವು. ಸಂಬಳ ಮಾತ್ರ ಲೆಕ್ಕದವನದೇ ಉಳಿಯಿತು. ಊರಿನ ಇನ್ನೊಂದು ತುದಿಯಲ್ಲಿ, ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲವದು. ರಾಯಚೂರಿಗೆ ಹೋದಾಗ ನೆಂಟರು ಕೇಳಿದರೆ ನಾನೂ ‘ಹೈದರಾಬಾದಿನಾಗ ಕಂಪ್ಯೂಟರ್ ಸೈಡ್ ಅದೀನಿ’ ಎನ್ನುತ್ತಿದ್ದೆ. ಯಾವ ಸೈಡ್ ಎಂದು ಅವರೂ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಗುರುಪಾದಪ್ಪನವರು ಹುಮನಾಬಾದ್ ಕಡೆಯವರು. ಕೈಯಿಂದ ಮುಟ್ಟಲಾಗದ ವಸ್ತುವಿಗೆ ದುಡ್ಡು ಕೊಡಬಾರದೆಂಬುದು ಅವರ ಧೋರಣೆ. ಪ್ರೆಸ್ ಮಶೀನು ಮುಟ್ಟಬಹುದು, ಅಚ್ಚು ಮುಟ್ಟಬಹುದು, ಕುರ್ಚಿಯನ್ನಂತೂ ಕೂತು ನೋಡಬಹುದು. ವೈರಸ್ ತಡೆಯುವ ಸಾಫ್ಟ್‌ವೇರನ್ನು ಮುಟ್ಟುವುದು ಹೇಗೆ? ಅದು ಒಂದು ತಿಂಗಳು ಪುಕ್ಕಟೆ ಸಿಗುತ್ತಿತ್ತು, ಆಮೇಲೆ ದುಡ್ಡು ಕೇಳುತ್ತಿತ್ತು. ದುಡ್ಡು ಕೇಳಿದ ದಿನ ನಾನೊಂದು ಉಪಾಯ ಕಂಡುಹಿಡಿದೆ. ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ತಿರುಗಿಸಿದರೆ ಪಾಪದ ಸಾಫ್ಟ್‌ವೇರು ತಿಂಗಳಿನ್ನೂ ಮುಗಿದಿಲ್ಲವೆಂದು ನಂಬಿ ಮತ್ತೆ ಪುಕ್ಕಟೆ ದುಡಿಯುತ್ತಿತ್ತು. ಹಾಗಾಗಿ ನಾಚಾರಂನಲ್ಲಿ ಕಾಲ ಎಲ್ಲಿಗೇ ಹೋಗಲಿ, ನಮ್ಮ ಕಂಪ್ಯೂಟರು ಅದೇ ಹಳೆಯ ಜುಲೈ ತಿಂಗಳಲ್ಲಿ ಕೂತಿತ್ತು. ಬಿಲ್ಲುಗಳ ಮೇಲಿನ ತಾರೀಖನ್ನು ಪೆನ್ನಿನಲ್ಲಿ ತಿದ್ದುತ್ತಿದ್ದೆವು. ನಮ್ಮ ಇ-ಮೇಲುಗಳು ತಮ್ಮ ಪೆಟ್ಟಿಗೆಯ ತಳಕ್ಕೆ ಹೋಗಿ ಅಡಗುತ್ತವೆಂದು ಗಿರಾಕಿಗಳು ಗೊಣಗುತ್ತಿದ್ದರು. ಕೊನೆಗೆ ಅವರೂ ಒಗ್ಗಿಕೊಂಡರು.

ಹೀಗಿರುವಾಗ ಒಂದು ಮಧ್ಯಾಹ್ನ ಗುರುಪಾದಪ್ಪನವರು ಪ್ರೆಸ್ಸಿನ ಪಕ್ಕದಲ್ಲಿ ನಿಂತವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳಿರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ ಶರಣಮ್ಮನವರು, ಅದುವರೆಗೆ ಆಯುಧಪೂಜೆಗಷ್ಟೇ ಕಾರ್ಖಾನೆಗೆ ಬರುತ್ತಿದ್ದವರು, ಬೆಳಿಗ್ಗೆ ಬಂದು ಗಂಡನ ಕುರ್ಚಿಯಲ್ಲಿ ಕೂತರು. ತಲೆಯ ಮೇಲೆ ಸೆರಗು, ಹಣೆಯ ತುಂಬ ವಿಭೂತಿ. ‘ಮಂದಿ ಹೊಟ್ಟಿಪಾಡು ಐತ್ರಿ. ಬಾಗಲಾ ಹಾಕಾಕ ಬರಂಗಿಲ್ಲ’ ಎಂದರು. ಗೋಡೆಯ ಮೇಲೆ ಗುರುಪಾದಪ್ಪನವರ ಫೋಟೊ, ಅದಕ್ಕೊಂದು ಗಂಧದ ಹಾರ, ಕೆಳಗೆ ಹಿತ್ತಾಳೆ ತಗಡಿನಲ್ಲಿ ಅವರ ಹೆಸರು.

ಮೊದಲ ತೊಡಕು ಇ-ಮೇಲಿನದೇ. ಗಿರಾಕಿಗಳ ಆರ್ಡರೆಲ್ಲ ಅದರಲ್ಲಿ ಬರುತ್ತಿತ್ತು, ಪಾಸ್‌ವರ್ಡ್ ಮಾತ್ರ ಯಜಮಾನರ ಜೊತೆ ಹೋಗಿತ್ತು. ‘ಅಮ್ಮಾರ, ನಿಮಗೇನಾದ್ರೂ ಹೇಳಿದ್ರೇನ್ರಿ?’ ಎಂದು ಕೇಳಿದೆ. ‘ಹೇಳಿದ್ರು. ಗೊತ್ತೈತಿ’ ಎಂದರು. ‘ಏನ್ರಿ?’ ಎಂದೆ. ಸುಮ್ಮನೆ ಫೋಟೊದ ಕಡೆ ನೋಡಿದರು. ನಾನು ಬುದ್ಧಿವಂತನಂತೆ ‘ಫೋಟೊ’ ಎಂದು ಹಾಕಿದೆ, ಆಗಲಿಲ್ಲ. ‘ಹಾರ’ ಎಂದು ಹಾಕಿದೆ. ‘ವಿಭೂತಿ’ಯನ್ನೂ ಬಿಡಲಿಲ್ಲ. ಶರಣಮ್ಮನವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ಕೊನೆಗೆ ‘ಸರೀರಿ’ ಎಂದು ನನ್ನನ್ನು ಎಬ್ಬಿಸಿ, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪೆಟ್ಟಿಗೆ ತೆರೆಯಿತು. ಆಗ ನನ್ನ ಮಂಡೆಗೆ ಹೊಳೆಯಿತು. ಪಾಸ್‌ವರ್ಡ್ ಗಂಡನ ಹೆಸರು. ಗಂಡನ ಹೆಸರನ್ನು ಅವರು ಬಾಯಿಂದ ಹೇಳುವವರಲ್ಲ.

ನಮ್ಮ ಕಡೆ ಹಳೆಯ ಹೆಣ್ಣುಮಕ್ಕಳಲ್ಲಿ ಇದು ಹೊಸದಲ್ಲ. ಮದುವೆಯಲ್ಲಿ ಒಂದೇ ಒಂದು ಸಲ, ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ, ಪ್ರಾಸ ಕಟ್ಟಿ ಒಡಪು ಹಾಕಿ ಅದರ ನಡುವೆ ಹೆಸರನ್ನು ತೂರಿಸಿ ಹೇಳಿಬಿಟ್ಟರೆ ಆಯಿತು. ಆಮೇಲೆ ಜೀವಮಾನವೆಲ್ಲ ‘ನಮ್ಮ ಮನಿಯವರು’. ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ‘ಭರ್ತ ಪೇರು?’ ಎಂದು ತೆಲುಗಿನಲ್ಲಿ ಗಂಡನ ಹೆಸರು ಕೇಳಿದಾಗಲೆಲ್ಲ ಶರಣಮ್ಮನವರು ತಿರುಗಿ ನನ್ನ ಮುಖ ನೋಡುತ್ತಿದ್ದರು, ನಾನು ಮುಂದೆ ಬಂದು ‘ಗುರುಪಾದಪ್ಪ ಗಾರು’ ಎನ್ನುತ್ತಿದ್ದೆ. ಲೆಕ್ಕ, ಕಂಪ್ಯೂಟರುಗಳ ಜೊತೆಗೆ ಇದೂ ನನ್ನ ಹುದ್ದೆಗೆ ಸೇರಿತು. ಮೂರರಲ್ಲಿ ನಾನು ತಪ್ಪಿಲ್ಲದೆ ಮಾಡುತ್ತಿದ್ದುದು ಇದೊಂದನ್ನೇ.

ತಾರೀಖಿನ ವಿಷಯವನ್ನೂ ಅವರಿಗೆ ಹೇಳಿದೆ. ಈ ಕಂಪ್ಯೂಟರಿನ ಪ್ರಕಾರ ಇನ್ನೂ ಆ ಜುಲೈಯೇ ಇದೆ, ಬೇಕಾದರೆ ಸರಿಪಡಿಸುತ್ತೇನೆ ಎಂದೆ. ಅವರು ಪರದೆಯ ಮೂಲೆಯಲ್ಲಿದ್ದ ತಾರೀಖನ್ನು ಬಹಳ ಹೊತ್ತು ನೋಡಿದರು. ಆ ಜುಲೈಯಲ್ಲಿ ಗುರುಪಾದಪ್ಪನವರು ಗಟ್ಟಿಮುಟ್ಟಾಗಿ ಇದೇ ಕುರ್ಚಿಯಲ್ಲಿದ್ದರೆಂಬುದು ನನಗೆ ಆಮೇಲೆ ನೆನಪಾಯಿತು. ‘ಇರ್ಲಿ ಬಿಡ್ರಿ. ಅದರಿಂದ ಯಾರಿಗೇನು ತ್ರಾಸ?’ ಎಂದರು. ಪ್ರತಿ ಇ-ಮೇಲಿನ ಕೆಳಗೆ ತಾನಾಗಿ ಬೀಳುತ್ತಿದ್ದ ‘ಇಂತಿ ತಮ್ಮ ವಿಶ್ವಾಸಿ, ಗುರುಪಾದಪ್ಪ’ ಎಂಬ ಸಾಲನ್ನೂ ತೆಗೆಯಲು ಬಿಡಲಿಲ್ಲ.

ಆ ದಿನಗಳಲ್ಲಿ ಒಂದೆರಡು ಸಲ ಯಾರೋ ಫೋನು ಮಾಡಿ, ಇ-ಮೇಲ್ ಕಂಪನಿಯವರೆಂದು ಹೇಳಿಕೊಂಡು ಪಾಸ್‌ವರ್ಡ್ ಕೇಳಿದ್ದರು. ಶರಣಮ್ಮನವರು ‘ವೋ ಹಮ್ ಬೋಲ್ತೇ ನೈ’, ಅದನ್ನು ನಾವು ಹೇಳುವುದಿಲ್ಲ, ಎಂದು ಫೋನು ಇಟ್ಟುಬಿಟ್ಟರಂತೆ. ಅತ್ತಲಿಂದ ಅದೆಷ್ಟು ಗದರಿದರೂ, ಪೆಟ್ಟಿಗೆ ಬಂದ್ ಮಾಡುತ್ತೇವೆಂದು ಹೆದರಿಸಿದರೂ ಅದೇ ಉತ್ತರ. ನಾನು ಕೇಳಿ ನಕ್ಕೆ. ಆಗ ನಗಬಾರದಿತ್ತು. ಲೋಕದಲ್ಲಿ ಯಾವ ಬೀಗವೂ ಅಷ್ಟು ಭದ್ರವಿರಲಿಲ್ಲ, ಅದಕ್ಕೊಂದು ಕಾಸೂ ಖರ್ಚಿರಲಿಲ್ಲ.

ಆದರೆ ನಾನು ಕಂಪ್ಯೂಟರ್ ಸೈಡಿನವನಲ್ಲವೆ? ಮಿಯಾಪುರದಲ್ಲಿ ಬಾಡಿಗೆಗಿದ್ದ ಪ್ರಶಾಂತ್ ಎಂಬ ಮೈಸೂರಿನ ತರುಣನನ್ನು ಕರೆತಂದೆ. ದೊಡ್ಡ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಭದ್ರತೆಯ ಕೆಲಸ, ಕನ್ನಡದವರೆಂದು ಪ್ರೀತಿಯಿಂದ ಬಂದ. ನಮ್ಮ ಕಂಪ್ಯೂಟರನ್ನು ನೋಡಿ ಅವನ ಮುಖ, ಹಳಸಿದ ಅನ್ನದ ಮುಚ್ಚಳ ತೆಗೆದವರ ಮುಖದಂತಾಯಿತು. ‘ಸರ್, ಇದು ಇಷ್ಟು ದಿನ ಬದುಕಿರೋದೇ ಆಶ್ಚರ್ಯ ಸರ್’ ಎಂದ. ಆಮೇಲೆ ಸುತ್ತ ನೋಡಿ, ಫೋಟೊದ ಕೆಳಗಿನ ಹಿತ್ತಾಳೆ ತಗಡನ್ನು ಓದಿ, ಅದನ್ನೇ ಒತ್ತಿದ. ಪೆಟ್ಟಿಗೆ ತೆರೆಯಿತು. ಶರಣಮ್ಮನವರು ತಲೆ ತಗ್ಗಿಸಿದರು. ಯಾರೋ ಹೇಳದೆ ಕೇಳದೆ ದೇವರಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದಂತೆ ನನಗೂ ಅನ್ನಿಸಿತು. ಆದರೂ ಅವನು ಹೇಳಿದ್ದು ಸುಳ್ಳಲ್ಲ. ಯಾರು ಬೇಕಾದರೂ ಊಹಿಸಬಹುದಿತ್ತು.

ಆಗಬೇಕಾದ ಕೆಲಸಗಳನ್ನು ಅವನು ಒಂದೊಂದಾಗಿ ಹೇಳಿದ. ಕಳ್ಳರನ್ನು ತಡೆಯುವ ಪೆಟ್ಟಿಗೆ, ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರು, ಎಲ್ಲದರ ನಕಲು ಇಡಲು ಇನ್ನೊಂದು ಕಂಪ್ಯೂಟರು. ಒಂದೊಂದಕ್ಕೂ ಅಮ್ಮಾರು ನನ್ನ ಮುಖ ನೋಡಿದರು, ನಾನು ಫೋಟೊದ ಮುಖ ನೋಡಿದೆ. ಕೊನೆಯದು ಪಾಸ್‌ವರ್ಡ್ ಬದಲಾಯಿಸುವುದು. ಅದಕ್ಕೆಷ್ಟು ಎಂದು ಕೇಳಿದೆ. ‘ಅದಕ್ಕೇನಿಲ್ಲ ಸರ್, ಫ್ರೀ’ ಎಂದ. ನಾವು ಅದೊಂದನ್ನೇ ಮಾಡಿಸಿದೆವು. ಅರ್ಥವಿಲ್ಲದ ಅಕ್ಷರ, ಅಂಕಿ, ಚಿಹ್ನೆಗಳ ಉದ್ದನೆಯ ಮಾಲೆಯೊಂದನ್ನು ಪ್ರಶಾಂತ್ ಕಟ್ಟಿಕೊಟ್ಟ. ದೇವರೇ ಬಂದರೂ ಊಹಿಸಲಾರ ಎಂದ. ಶರಣಮ್ಮನವರು ಅದನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿ, ಮಂತ್ರದಂತೆ ನನಗೆ ಒಪ್ಪಿಸಿದರು. ನನಗೆ ಭಾರೀ ಹೆಮ್ಮೆಯಾಯಿತು.

ಮುಂದಿನದನ್ನು ನೀವು ಊಹಿಸಿರಬಹುದು. ನಾನು ಊಹಿಸಲಿಲ್ಲ. ಒಂದು ಬೆಳಿಗ್ಗೆ ಆಫೀಸಿಗೆ ಬಂದರೆ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಗಿರಾಕಿಗಳೆಲ್ಲರಿಗೂ ನಮ್ಮ ವಿಳಾಸದಿಂದ ಇ-ಮೇಲ್ ಹೋಗಿತ್ತು. ಗಂಡಸರ ಶಕ್ತಿ ಹೆಚ್ಚಿಸುವ ಮಾತ್ರೆಗಳ ಜಾಹೀರಾತು, ಜೊತೆಗೆ ಹೇಳಬಾರದಂಥ ಚಿತ್ರ. ಕೆಳಗೆ, ‘ಇಂತಿ ತಮ್ಮ ವಿಶ್ವಾಸಿ, ಗುರುಪಾದಪ್ಪ’. ಬದುಕಿರುವಷ್ಟು ದಿನ ಪೂಜೆ ಮಾಡದೆ ನೀರು ಕುಡಿಯದಿದ್ದ ಮನುಷ್ಯ, ಸತ್ತು ವರ್ಷವಾದ ಮೇಲೆ ಊರ ತುಂಬ ಮಾತ್ರೆ ಹಂಚುತ್ತಿದ್ದರು. ಒಬ್ಬ ಗಿರಾಕಿ ಎಷ್ಟಕ್ಕೆ ಕೊಡುತ್ತೀರಿ ಎಂದೂ ಕೇಳಿದ. ಬೇರೆ ಯಾರ ಆಫೀಸಿನಲ್ಲಾದರೂ ನಡೆದಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

‘ನಿನ್ನೆ ಒಂದು ಹುಡಿಗಿ ಫೋನ್ ಮಾಡಿತ್ರಿ’ ಎಂದರು ಶರಣಮ್ಮನವರು. ‘ಭಾಳ ಮರ್ಯಾದಿ ಹುಡಿಗಿ. ಅಮ್ಮಾ ಅಮ್ಮಾ ಅಂತ ಮಾತಾಡ್ತು. ಪಾಸ್‌ವರ್ಡ್ ಕೇಳ್ತು, ಹೇಳಿದೆ.’

‘ಯಾಕ ಹೇಳಿದ್ರಿ ಅಮ್ಮಾರ? ಮೊದಲೆಲ್ಲ ಹೇಳ್ತಿರಲಿಲ್ಲಲ್ಲ?’

‘ಮೊದಲಿಂದು ಹೇಳೂವಂಥದ್ದಲ್ಲ. ಇದಕ್ಕೇನು, ಅರ್ಥ ಇಲ್ಲ ಪರ್ಥ ಇಲ್ಲ. ಕೇಳಿದವರಿಗೆ ಹೇಳೂದಕ್ಕ ಮಾಡಿದ್ದು ಅನಕೊಂಡೆ’ ಎಂದರು.

ನಮ್ಮ ವಾಷರುಗಳಲ್ಲಿ ಬಹುಪಾಲು ಹೋಗುತ್ತಿದ್ದುದು ಒಂದು ಸರಕಾರಿ ಕಾರ್ಖಾನೆಗೆ. ಅಲ್ಲಿಯ ಖರೀದಿ ಅಧಿಕಾರಿ ಕೆಂಡವಾಗಿದ್ದರು. ಮಾಲೀಕರು ಖುದ್ದಾಗಿ ಬಂದು ಸಮಜಾಯಿಷಿ ಕೊಡಬೇಕು, ಇಲ್ಲದಿದ್ದರೆ ನಮ್ಮಿಂದ ಮಾಲು ಕೊಳ್ಳುವುದನ್ನು ನಿಲ್ಲಿಸುವುದಾಗಿ ಹೇಳಿದರು. ಅದು ನಿಂತರೆ ನಮ್ಮ ಪ್ರೆಸ್ಸೂ ನಿಲ್ಲುತ್ತಿತ್ತು, ಪ್ರೆಸ್ಸಿನ ಮುಂದೆ ನಿಲ್ಲುವವರ ಮನೆಯ ಒಲೆಯೂ. ನಾವಿಬ್ಬರೂ ಹೋದೆವು. ಗೇಟಿನಲ್ಲಿ ಮಾಲೀಕರೊಬ್ಬರಿಗೇ ಪಾಸು ಕೊಟ್ಟರು. ಎಷ್ಟು ಬೇಡಿಕೊಂಡರೂ ನನ್ನನ್ನು ಬಿಡಲಿಲ್ಲ. ಭದ್ರತೆಯ ಪ್ರಶ್ನೆ ಎಂದರು. ಶರಣಮ್ಮನವರು ಸೆರಗು ಸರಿಮಾಡಿಕೊಂಡು ಒಳಗೆ ಹೋದರು, ನಾನು ಕಾವಲುಗಾರನ ಬೆಂಚಿನ ಮೇಲೆ ಕೂತೆ.

ಬಿಸಿಲು ಏರಿದ ಮೇಲೆ ಹೊರಗೆ ಬಂದರು. ‘ಆತ್ರಿ. ಮಾಲು ತಗೋತಾರಂತ’ ಎಂದಷ್ಟೇ ಹೇಳಿ ಆಟೊ ಹತ್ತಿದರು. ನನಗೆ ಹೋದ ಜೀವ ಬಂದಂತಾಯಿತು. ಅವರ ಮುಖ ಮಾತ್ರ ಬಾಡಿಯೇ ಇತ್ತು. ಆಟೊ ತಾರ್ನಾಕ ದಾಟಿತು.

‘ಆ ಇ-ಮೇಲಿನ ಕಾಗದ ತೋರಿಸಿ, ಇದು ಯಾರ ಹೆಸರು ಅಂತ ಕೇಳಿದ್ರು’ ಎಂದರು ಆಮೇಲೆ, ರಸ್ತೆಯ ಕಡೆ ನೋಡುತ್ತಾ. ‘ನಮ್ಮ ಮನಿಯವರದು, ತೀರಿಕೊಂಡಾರು, ಇಂಥಾದ್ದು ಬರಿಯೂ ಮನಿಷ್ಯಾ ಅಲ್ಲ ಅಂದೆ. ಹಂಗಲ್ಲಮ್ಮ, ಹೆಸರು ಹೇಳು, ಹೇಳಿಕಿ ಬರ್ಕೋಬೇಕು ಅಂದ್ರು. ಹಿಂದ ತಿರುಗಿ ನೋಡಿದೆ. ನೀವು ಇದ್ದಿಲ್ಲ.’

ಶರಣಮ್ಮನವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

‘ಹೇಳಿದೆ. ಮದುವ್ಯಾಗ ಒಮ್ಮೆ ಒಡಪು ಹಾಕಿ ಹೇಳಿದ್ದೆ. ಇವತ್ತು ಬರೇ ಹೆಸರು ಹೇಳಿದೆ. ಅವರ ಹೆಸರು ಉಳಿಸಾಕ ಅಂತ ಹೇಳಿದ್ದು. ಆದ್ರೂ ಹೇಳಿದ್ದು ಹೇಳಿದ್ದ ಅಲ್ರಿ?’

ಆಫೀಸಿಗೆ ಬಂದ ಮೇಲೆ, ನನಗೆ ತೋಚಿದ ಒಂದೇ ಸಮಾಧಾನ ಹೇಳಿದೆ. ಹಳೆಯ ಪಾಸ್‌ವರ್ಡನ್ನೇ ಮತ್ತೆ ಇಡೋಣ, ಹಿತ್ತಾಳೆ ತಗಡು ತೆಗೆದುಬಿಟ್ಟರಾಯಿತು, ನಿಮ್ಮ ಬಾಯಿಂದಂತೂ ಅದು ಯಾರಿಗೂ ಸಿಗುವುದಿಲ್ಲ ಎಂದೆ. ಶರಣಮ್ಮನವರು ತಲೆಯಾಡಿಸಿದರು. ‘ಬ್ಯಾಡ್ರಿ. ಅದು ಈಗ ಬಾಯಾಗ ಬಂದಬಿಟ್ಟೈತಿ. ಇನ್ನ ಯಾರು ಕೇಳಿದ್ರೂ ಹೇಳೇನು ಅಂತ ಅಂಜಿಕಿ ಆಗಾಕತ್ತೈತಿ’ ಎಂದರು. ಸ್ವಲ್ಪ ಹೊತ್ತು ಪರದೆಯ ಮೂಲೆ ನೋಡಿ, ‘ಆ ತಾರೀಖನೂ ಸರಿ ಮಾಡಿಬಿಡ್ರಿ’ ಎಂದರು. ಮಾಡಿದೆ. ಹಳೆಯ ಜುಲೈ ಹೋಯಿತು. ಕೂಡಲೇ ಸಾಫ್ಟ್‌ವೇರು ಎಚ್ಚೆತ್ತು ದುಡ್ಡು ಕೇಳಿತು, ನಾವು ಮೊದಲ ಸಲ ಕೊಟ್ಟೆವು. ಪ್ರಶಾಂತನಿಗೆ ಫೋನು ಮಾಡಿ ಹೇಳಿದಾಗ ಬಹಳ ಖುಷಿಪಟ್ಟು, ಅಂಥದೇ ಇನ್ನೊಂದು ಹೊಸ ಮಾಲೆ ಕಟ್ಟಿಕೊಟ್ಟ. ‘ಈಗ ನೀವು ಸೇಫ್ ಸರ್’ ಎಂದ.

ಆ ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಧಾರವಾಡದ ತಂಗಿಗೆ ಬರೆಯಲು ಅವಳೂ ಒಂದು ಇ-ಮೇಲ್ ಪೆಟ್ಟಿಗೆ ಮಾಡಿಕೊಂಡಿದ್ದಳು. ಮನಸ್ಸು ಮೆತ್ತಗಾಗಿದ್ದಾಗ ಕೇಳಬಾರದ್ದನ್ನೆಲ್ಲ ಕೇಳುತ್ತೇವೆ. ನಿನ್ನ ಪಾಸ್‌ವರ್ಡ್ ಏನೆಂದು ಕೇಳಿದೆ.

‘ನಿಮ್ಮ ಹೆಸರ ಇಟ್ಟೀನಿ’ ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನು ತೋರಿಸಿಕೊಳ್ಳದೆ, ಹೆಸರುಗಳನ್ನು ಇಡಬಾರದು, ಯಾರು ಬೇಕಾದರೂ ಊಹಿಸುತ್ತಾರೆ ಎಂದು ಕಂಪ್ಯೂಟರ್ ಸೈಡಿನವನ ದನಿಯಲ್ಲಿ ಹೇಳಿದೆ.

‘ಅದನ್ಯಾರು ಊಹಿಸ್ತಾರ್ರಿ?’ ಎಂದಳು, ಒಲೆಯ ಕಡೆ ತಿರುಗುತ್ತಾ. ‘ಆಫೀಸಿನಾಗ ಕುಲಕರ್ಣಿ, ಓಣ್ಯಾಗ ಕುಲಕರ್ಣಿ, ಊರಾಗೂ ಕುಲಕರ್ಣಿ. ನಿಮ್ಮ ಹೆಸರು ಏನಂತ ಈ ಊರಾಗ ಒಬ್ಬರಿಗೂ ಗೊತ್ತಿಲ್ಲ.’

ನಾನು ನೆನಪು ಮಾಡಿಕೊಂಡು ನೋಡಿದೆ. ಅವಳು ಹೇಳಿದ್ದು ನಿಜ. ಗುರುಪಾದಪ್ಪನವರ ಹೆಸರನ್ನು ಊರೆಲ್ಲ ಹೇಳಿಕೊಂಡು ತಿರುಗಿದ ನನ್ನನ್ನು, ನಿನ್ನ ಹೆಸರೇನು ಎಂದು ಯಾರೂ ಕೇಳಿರಲಿಲ್ಲ. ಇಷ್ಟು ದೂರ ಓದಿದ ನೀವೂ ಕೇಳಲಿಲ್ಲ. ಈಗ ಕೇಳಿದರೂ ಹೇಳುವುದಿಲ್ಲ; ಹೆಂಡತಿ ಪಾಸ್‌ವರ್ಡ್ ಇನ್ನೂ ಬದಲಾಯಿಸಿಲ್ಲ.