ಅಟ್ಟದ ಮೇಲಿನ ಸರ್ವರ್

"ಇನ್ನು ಈ ಮನೆಯಲ್ಲಿ ಒಂದು ಕಾಗದವೂ ಕಳೆಯುವಂತಿಲ್ಲ!" ಎಂದು ಬೆಟ್ಟಸ್ವಾಮಿಯವರು ಘೋಷಿಸಿದ ದಿನವೇ ಹಳೆಯ ಕಂಪ್ಯೂಟರೊಂದು ಅಟ್ಟ ಹತ್ತಿತು. ಕೊಬ್ಬರಿಯಾಗಲೆಂದು ವರ್ಷದಿಂದ ಒಣಗುತ್ತಿದ್ದ ಹತ್ತು ಸಾವಿರ ಕಾಯಿಗಳ ನಡುವೆ ಅದು ಪಟ್ಟಾಭಿಷಿಕ್ತ ದೊರೆಯಂತೆ ಕುಳಿತಿತ್ತು. ಅದಕ್ಕೆ ಸರ್ವರ್ ಎಂದು ಬಿರುದು. ಪಹಣಿ, ಮದುವೆಯ ಫೋಟೊ, ಮಗಳು ಇಂಪನಾಳ ಅಂಕಪಟ್ಟಿ, ಎಲ್ಲ ಅದರ ಹೊಟ್ಟೆಯೊಳಗೆ. ಮನೆಯವರ ಫೋನುಗಳಲ್ಲಿದ್ದ ನಕಲುಗಳನ್ನು ಶಿಸ್ತಿನ ಹೆಸರಿನಲ್ಲಿ ಬೆಟ್ಟಸ್ವಾಮಿಯವರೇ ಅಳಿಸಿಹಾಕಿದ್ದರು.

ಆಮೇಲೊಂದು ದಿನ ಹೊಸ ವೈಫೈ ಪೆಟ್ಟಿಗೆ ತಂದು, ಹಳೆಯದನ್ನು ಕಿತ್ತು ಬೀರುವಿಗೆ ಸೇರಿಸಿದರು. ಅಂದಿನಿಂದ ಸರ್ವರಿಗೆ ಮಂಕು ಬಡಿಯಿತು. ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಾ ಎನ್ನದು, ಹೋಗು ಎನ್ನದು. ಕಾದು ಕಾದು ಲ್ಯಾಪ್‌ಟಾಪೇ ಕೈಚೆಲ್ಲುತ್ತಿತ್ತು.

ಆ ಭಾನುವಾರ ಸಂಜೆ ಐದಕ್ಕೆ ಇಂಪನಾಳ ಕೃಷಿ ಕಾಲೇಜಿನ ಅರ್ಜಿಗೆ ಕೊನೆ. ಮೂಲ ಅಂಕಪಟ್ಟಿ ಹಳೆಯ ಕಾಲೇಜಿನ ಕಪಾಟಿನಲ್ಲಿ, ಬೀಗದೊಳಗೆ. ಅಟ್ಟ ಹತ್ತಿದ ಬೆಟ್ಟಸ್ವಾಮಿಯವರು ತಮಗೆ ಗೊತ್ತಿದ್ದ ಒಂದೇ ಪರೀಕ್ಷೆ ಮಾಡಿದರು. ಸರ್ವರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೇನೋ ಗೊಟಗೊಟ ಎಂದಿತು. ಕಾಯಿಯಾಗಿದ್ದರೆ ಕೊಬ್ಬರಿ ಹದಕ್ಕೆ ಬಂತೆಂದು ಹಿಗ್ಗಬಹುದಿತ್ತು.

"ಅಪ್ಪಾ, ಅದು ಕಾಯಲ್ಲ ಕಣಪ್ಪ. ಗೊತ್ತಿರೋರನ್ನ ಕರ್ಸು," ಎಂದಳು ಇಂಪನಾ. ದನಿಯಲ್ಲಿ ಅಳು ಇಣುಕುತ್ತಿತ್ತು.

ತುರುವೇಕೆರೆಯ ಕಂಪ್ಯೂಟರ್ ಅಂಗಡಿಗೆ ಫೋನು ಹೋಯಿತು. ಮೂರೂವರೆಗೆ ಒಬ್ಬ ಬಂದು ಜಗಲಿಯ ಮೇಲೆ ನಿಂತ. ಯಾವೂರು, ಯಾರ ಮನೆಯವರು ಎಂದು ತಿಳಿಯದೆ ಬೆಟ್ಟಸ್ವಾಮಿಯವರು ಯಾರನ್ನೂ ಹೊಸ್ತಿಲು ದಾಟಿಸುವವರಲ್ಲ. ಬಂದವರು ಹೇಳಿದ್ದನ್ನು ನಂಬುವವರೂ ಅಲ್ಲ. ಮೂರು ತಾಲ್ಲೂಕಿನ ವಂಶಾವಳಿಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡ ಶ್ರೀರಂಗಯ್ಯನವರನ್ನು ಕೇಳಿ ತಾಳೆ ನೋಡಬೇಕು. ಬಂದವನು ತನ್ನ ಹೆಸರು ಭೀಮರಾಜು, ಊರು ದಬ್ಬೇಘಟ್ಟ ಎಂದ. ಶ್ರೀರಂಗಯ್ಯನವರ ಫೋನು ಸ್ವಿಚ್ ಆಫ್. ವಾಟ್ಸಾಪಿನಲ್ಲಿ ವಿವರ ಕಳಿಸಿ, "ಕೂತ್ಕೊಳಪ್ಪ, ವಿಚಾರಿಸ್ತಾ ಇವ್ನಿ," ಎಂದು ಒಂದು ಗಂಟೆ ನಂಬರು ಒತ್ತುತ್ತಲೇ ಇದ್ದರು.

ನಾಲ್ಕೂವರೆಗೆ ಹೊರಗೆ ಬಂದ ಹೆಂಡತಿ ಶಿವರುದ್ರಮ್ಮ, ಕೂತವನು ಯಾರೆಂದು ಕೇಳಿ ತಿಳಿದು, ಗಂಡನ ಕಡೆ ತಿರುಗಿಯೂ ನೋಡದೆ ಅವನಿಗೆ ಅಟ್ಟದ ಏಣಿ ತೋರಿಸಿದರು.

ಭೀಮರಾಜು ಹತ್ತೇ ನಿಮಿಷದಲ್ಲಿ ಇಳಿದು, ಹಳೆಯ ವೈಫೈ ಪೆಟ್ಟಿಗೆ ಎಲ್ಲಿದೆಯೆಂದು ವಿಚಾರಿಸಿದ. ಇಂಪನಾ ಬೀರು ತೋರಿಸಿದಳು.

"ಸರ್ವರ್ ಚೆನ್ನಾಗೈತೆ ಯಜಮಾನ್ರೇ. ಯಾರು ಲಾಗಿನ್ ಆಗಕ್ಕೆ ಬಂದ್ರೂ ಇವರು ಯಾರು ಅಂತ ಆ ಹಳೇ ಪೆಟ್ಟಿಗೆ ಹತ್ರಾನೇ ಕೇಳ್ತಿತ್ತು. ಅದು ಇಲ್ಲಿ ಮಲಗೈತೆ. ಉತ್ತರ ಬರೋಗಂಟ ಬಂದೋರ್ನ ಬಾಗ್ಲಲ್ಲೇ ನಿಲ್ಸ್ಕೊಂಡಿರೋದು. ಈಗ ಕೇಳೋದನ್ನೇ ಬುಡ್ಸಿದೀನಿ."

ಶಿವರುದ್ರಮ್ಮ ಕಾಫಿ ಲೋಟ ಅವನ ಕೈಗಿಟ್ಟರು. "ಅಟ್ಟದ ಮ್ಯಾಲಿಂದು ಸರಿಹೋಯ್ತು. ಕೆಳಗಿರೋರ್ಗೂ ಹಂಗೇ ಬುಡ್ಸಕ್ಕಾಯ್ತದಾ ನೋಡಪ್ಪ."

ಐದಕ್ಕೆ ನಾಲ್ಕು ನಿಮಿಷವಿದೆ ಎನ್ನುವಾಗ ಅರ್ಜಿ ಹೋಯಿತು. ಇಂಪನಾ ನಗುತ್ತಾ ಅಪ್ಪನ ಹೆಗಲಿಗೆ ತಲೆಯಾನಿಸಿದಳು. ಬೆಟ್ಟಸ್ವಾಮಿಯವರಿಗೆ ಹೋದ ಉಸಿರು ಬಂತು. ಭೀಮರಾಜುವನ್ನು ಗೇಟಿನವರೆಗೂ ತಾವೇ ಹೋಗಿ ಬೀಳ್ಕೊಟ್ಟರು.

ಅವನ ಬೈಕು ತೋಟದ ತಿರುವು ದಾಟಿತು. ಆಗ ಬೆಟ್ಟಸ್ವಾಮಿಯವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಶ್ರೀರಂಗಯ್ಯನವರು.

"ದಬ್ಬೇಘಟ್ಟದ ಭೀಮರಾಜನ್ನ ಕೇಳಿದ್ಯಲ್ಲಾ? ಗೊತ್ತಿರೋ ಮನೆಯೋರೇ ಕಣಪ್ಪ. ಒಳಕ್ಕೆ ಬುಡು."