ಒಂದು ಬಾಟಲಿ ಕಚ್ಚಾ ತೈಲದ ಫಜೀತಿ

ನಾನು ಹೆದರುವುದಕ್ಕೂ ಹೆದರಿದ್ದು ಆಗಿಬಿಡುವುದಕ್ಕೂ ನಡುವೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಚಿತ್ರದುರ್ಗದಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾ ಪಿಎಚ್‌ಡಿಗೂ ಸೇರಿದ ಮೇಲಂತೂ ಕೇಳುವುದೇ ಬೇಡ. ನನ್ನ ವಿಷಯ ಇಷ್ಟೇ: ಕೆಲವು ಕಡೆ ನೆಲದಡಿಯ ಕಚ್ಚಾ ತೈಲ ಡಾಂಬರಿನಷ್ಟು ಗಟ್ಟಿ, ಪಂಪಿಗೆ ಬರುವುದಿಲ್ಲ. ಬಿಸಿ ಹಬೆಯ ಜೊತೆ ಒಂದು ವೇಗವರ್ಧಕವನ್ನು ಒಳಗೆ ಕಳಿಸಿದರೆ ಅದು ಅಲ್ಲೇ ತೆಳ್ಳಗಾಗಿ ಹರಿದು ಬರುತ್ತದೆ. ಆ ವೇಗವರ್ಧಕವನ್ನು ನಮ್ಮ ಕಡೆಯ ಕಬ್ಬಿಣದ ಕಲ್ಲಿನಿಂದಲೇ ಮಾಡಬಹುದು ಎಂದು ನನ್ನ ವಾದ. ಅದನ್ನು ತೋರಿಸಲು ನನಗೆ ಸಿಕ್ಕಿದ್ದು ದೂರದ ಬಾವಿಯೊಂದರ ಒಂದೇ ಬಾಟಲಿ ಎಣ್ಣೆ. "ಚೆಲ್ಲಿದರೆ ಇನ್ನೊಂದು ಸಿಗಲ್ಲಮ್ಮ, ನಾಲ್ಕು ವರ್ಷದ ಕೆಲಸ ಮಣ್ಣುಪಾಲು," ಎಂದಿದ್ದರು ನನ್ನ ಗೈಡ್. ಆವತ್ತಿನಿಂದ ನನಗೆ ನಿದ್ದೆ ಅಷ್ಟಕ್ಕಷ್ಟೆ.

ಕಲ್ಲು ಆರಿಸಿದ್ದು

ಎಣ್ಣೆ ಬರುವ ಮೊದಲು ಕಲ್ಲು ಬೇಕಿತ್ತು. ಹೊಸದುರ್ಗದ ಕಡೆ ಒಂದು ಗುಡ್ಡದ ಬುಡದಲ್ಲಿ ಸುತ್ತಿಗೆ ಹಿಡಿದು ಕೆಂಪು ಕಲ್ಲು ಆರಿಸುತ್ತಿದ್ದೆ. ಬೈಕಿನಲ್ಲಿ ಬಂದ ಇಬ್ಬರು ನಿಂತು ನೋಡಿದರು. ನಿಧಿ ಅಗೆಯುವವಳು ಎಂದು ಹಿಡಿದುಕೊಟ್ಟರೆ ಏನು ಗತಿ ಅಂತ ಜೀವ ಬಾಯಿಗೆ ಬಂತು. ಕೇಳುವ ಮೊದಲೇ ನೆಲದಡಿ, ಎಣ್ಣೆ, ಹಬೆ ಎಂದು ಎಲ್ಲಾ ಒದರಿಬಿಟ್ಟೆ.

"ಎಣ್ಣೆ ಬುಡ್ರಿ ಮೇಡಂ," ಎಂದ ಒಬ್ಬ. "ನೆಲದೊಳಗಿಂದು ಓದಿದೀರಲ್ಲ, ನಮ್ಮ ಹೊಲದಾಗೆ ನೀರು ಎಲ್ಲೈತೆ ಹೇಳ್ರಿ."

ಬೇಡವೆನ್ನಲು ಬಾಯಿ ಬರಲಿಲ್ಲ. ನನ್ನ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿ ಹೊಲದಲ್ಲಿ ನಡೆಸಿದರು. ನೀರಿದ್ದ ಕಡೆ ಅದು ಎದ್ದು ನಿಲ್ಲಬೇಕಂತೆ. ಹೆದರಿಕೆಗೆ ನನ್ನ ಕೈ ನಡುಗುತ್ತಿತ್ತು. ಹತ್ತು ಹೆಜ್ಜೆಗೆ ಕಾಯಿ ಎದ್ದು ನಿಂತಿತು. ಅವರು ಕೈಮುಗಿದು, ಬೋರ್‌ವೆಲ್ ಕೊರೆಸಲು ಗುರುತಿಗೆಂದು ಅಲ್ಲೇ ಒಂದು ಕಲ್ಲು ನೆಟ್ಟರು.

ಈಗಲೂ ಆ ದಾರಿಯಲ್ಲಿ ಹೋಗುವಾಗ ಬಸ್ಸಿನಲ್ಲಿ ತಲೆ ಬಗ್ಗಿಸಿ ಕೂರುತ್ತೇನೆ.

ಬಸ್ಸು ನಿಂತಿದ್ದು

ಎಣ್ಣೆ ಹೊಳಲ್ಕೆರೆಯ ನಮ್ಮ ಮನೆಗೆ ಬಂತು. ಬಾಟಲಿಗೆ ಟವೆಲ್ ಸುತ್ತಿ, ತೊಡೆ ಮೇಲಿಟ್ಟುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸೆಲ್ಲ ವಾಸನೆ. "ಏನೋ ಲೀಕ್ ಆಗ್ತಾ ಐತೆ, ಇಳೀರಿ ಎಲ್ಲಾ," ಎಂದು ಡ್ರೈವರ್ ಬಸ್ಸು ನಿಲ್ಲಿಸಿ ಅದರಡಿ ತೂರಿದ. ನಾನು ಬಾಟಲಿ ಅಪ್ಪಿಕೊಂಡು ರಸ್ತೆ ಬದಿ ನಿಂತೆ. ಕೊನೆಗೆ ತಡೆಯಲಾರದೆ ಕಂಡಕ್ಟರ್ ಹತ್ತಿರ ಹೋಗಿ, "ಅಣ್ಣ, ವಾಸನೆ ನಂದು," ಎಂದೆ. ಬಾಟಲಿ ತೋರಿಸಿದೆ. ಜನ ನನ್ನನ್ನು ನುಂಗುವ ಹಾಗೆ ನೋಡಿದರು.

ಆಗ ಬಸ್ಸಿನ ಅಡಿಯಿಂದ ಡ್ರೈವರ್ ಕೂಗಿದ: "ಸಿಕ್ತು ಕಣಪ್ಪ, ಡೀಸೆಲ್ ಪೈಪ್ ಸೀಳೈತೆ!"

ಕುರಿ ರೊಪ್ಪದಲ್ಲಿ

ಅಂತೂ ಪ್ರಯೋಗ ಮುಗಿಯಿತು. ಅರ್ಧ ಎಣ್ಣೆಯನ್ನು ಮೊದಲ ಬಾಟಲಿಯಲ್ಲೇ ಉಳಿಸಿ, ಉಳಿದರ್ಧವನ್ನು ನೀರು, ಕಲ್ಲಿನ ಪುಡಿ ಸೇರಿಸಿ ಒತ್ತಡದಲ್ಲಿ ಕಾಯಿಸಿದೆ. ಬಿಸಿಯಿದ್ದಾಗ ಯಾವ ಎಣ್ಣೆಯಾದರೂ ಹರಿಯುತ್ತದೆ. ತಣ್ಣಗಾದ ಮೇಲೂ ಹರಿದರೆ ನಾನು ಗೆದ್ದ ಹಾಗೆ. ನೋಡಲು ಧೈರ್ಯ ಸಾಲದೆ, ಬಿಸಿಯಿದ್ದಾಗಲೇ ಇನ್ನೊಂದು ಚಿಕ್ಕ ಬಾಟಲಿಗೆ ಸುರಿದು ಮುಚ್ಚಳ ಬಿಗಿದುಬಿಟ್ಟೆ. ಎಣ್ಣೆಯ ಗಟ್ಟಿತನ ಅಳೆಯುವ ಯಂತ್ರವಿದ್ದ ಊರಿಗೆ ಮಾರನೇ ದಿನ ಹೋಗಬೇಕಿತ್ತು. ಅದರ ನಡುವೆ ಹರಿಯಬ್ಬೆ ಊರಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ಲ್ಯಾಬಿನಲ್ಲಿ ಬಿಟ್ಟರೆ ಯಾರಾದರೂ ಚೆಲ್ಲಿಯಾರು ಎಂದು ಎರಡೂ ಬಾಟಲಿ ಜೊತೆಗೇ ಒಯ್ದೆ. ವಾಸನೆಗೆ ಚಿಕ್ಕಮ್ಮ ಅವನ್ನು ಜಗಲಿಯಲ್ಲೇ ಇಡಿಸಿದಳು.

ಊಟ ಮುಗಿಸಿ ಬಂದು ನೋಡಿದರೆ ಬಾಟಲಿ ಇಲ್ಲ!

"ಆ ಗಾಡಿ ಎಣ್ಣೆನಾ? ಪಕ್ಕದ್ಮನೆ ತಾತ ಕುರಿ ಗಾಯಕ್ಕೆ ಕೇಳ್ದ, ಕೊಟ್ಟೆ," ಎಂದಳು ಚಿಕ್ಕಮ್ಮ. ಗಾಯದ ಮೇಲೆ ನೊಣ ಕೂರದಿರಲೆಂದು ಹಳೇ ಎಂಜಿನ್ ಎಣ್ಣೆ ಬಳಿಯುವುದು ಅಲ್ಲಿನ ರೂಢಿ.

ರೇಷ್ಮೆ ಸೀರೆ ಎತ್ತಿ ಕಟ್ಟಿ ತಾತ ಕುರಿ ಕೂಡುವ ರೊಪ್ಪಕ್ಕೆ ಓಡಿದೆ. ಏಳು ಕುರಿಗಳ ಕಾಲು ಕರಿ ಕರಿ. ನನಗೆ ಅಳುವೇ ಬಂತು. "ತಾತ, ಎಲ್ಲಾ ಖಾಲಿನಾ?"

"ಮೊದಲ್ನೇ ಬಾಟ್ಲಿ ಏನು ಮಾಲು ಕಣವ್ವ! ಹಚ್ಚಿದ್ರೆ ಅಲುಗಲ್ಲ. ತಳದಾಗೆ ಅಂಟ್ಕಂಡಿರದು ಮಾತ್ರ ಐತೆ," ಎಂದ ತಾತ. "ಎರಡ್ನೇದು ದಂಡ. ಒಂದು ಕುರಿ ತೊಡೆಗೆ ಹಚ್ಚಿದೆ, ಗೊರಸಿಗೆ ಇಳ್ದೋತು. ಯಾರೋ ನಿಂಗೆ ಕಲಬೆರಕೆ ಕೊಟ್ಟು ಮೋಸ ಮಾಡವ್ರೆ. ತಗಂಡೋಗು."

ಇಳಿದುಹೋಯಿತಂತೆ! ನಾನು ತಾತನ ಕೈ ಹಿಡಿದು ಅತ್ತೆ, ನಕ್ಕೆ. ಎರಡನೇ ಬಾಟಲಿ ಮುಕ್ಕಾಲು ತುಂಬಿತ್ತು. ಮೊದಲನೆಯದರ ತಳದಲ್ಲೂ ಅಳತೆಗೆ ಸಾಕಾಗುವಷ್ಟು ಉಳಿದಿತ್ತು. ಅಲ್ಲಿಂದಲೇ ಗೈಡ್‌ಗೆ ಫೋನ್ ಮಾಡಿದೆ.

"ಸರ್, ಎಣ್ಣೆ ತೆಳ್ಳಗಾಗಿದೆ!"

"ಹೌದಾ? ಯಾವುದರಲ್ಲಿ ಅಳೆದೆ?"

"ಕುರಿ ಮೇಲೆ ಸರ್," ಎಂದು ನಡೆದದ್ದೆಲ್ಲ ಹೇಳಿದೆ.

ನನ್ನ ಪಿಎಚ್‌ಡಿ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಕೇಳಿದರು, "ತೆಳು ಎಣ್ಣೆ ಎಷ್ಟು ಕುರಿಗೆ ಹಚ್ಚಿದಾರೆ?"

"ಒಂದಕ್ಕೆ ಸರ್."

"ಒಂದರಿಂದ ಏನೂ ಸಾಬೀತಾಗಲ್ಲಮ್ಮ. ಇನ್ನೆರಡಕ್ಕೆ ಹಚ್ಚಿಸು."